ಕೋಲಾರ ಸೀಮೆಯ ಗೋಷ್ಠೀವಿನೋದಗಳಲ್ಲಿ ಅಶ್ಲೀಲಪರಿಹಾಸ: ಅದು ಬಾಳುವ ಬಗೆ, ಹಳಸುವ ಬಗೆ

೧

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ, ಹಳೆಯ ಮೈಸೂರು ಸೀಮೆಯ ಇತರ ಭಾಗಗಳಲ್ಲಿರುವಂತೆಯೇ, ಯುಗಾದಿಯ ಹಬ್ಬಕ್ಕೂ ಇಸ್ಪೀಟಿನ ಎಲೆಗೂ ಬಹುಕಾಲದ ನಂಟುಂಟು. ಹಬ್ಬದ ದಿನ ಬೇವುಬೆಲ್ಲ, ಮರುದಿನ ವರ್ಷತೊಡಕು. ಇವುಗಳ ನಡುವಣ ಬಿಡುವಿನಲ್ಲಿ ಅರಳೀಕಟ್ಟೆಯ ಮೇಲೆಯೋ ಮಾವಿನ ತೋಪಿನ ನೆರಳಿನಲ್ಲಿಯೋ ಚಾಪೆ ಹಾಸಿ, ಎಲೆ ಕಲಸಿ ಹಂಚಿ ಕುಳಿತುಕೊಳ್ಳುವುದು ವಾಡಿಕೆ. ಪಣವಿಟ್ಟು ಆಡುವುದನ್ನು ಕಾನೂನು ಒಪ್ಪುವುದಿಲ್ಲ. ೧೯೬೩ರ ಪೋಲೀಸು ಅಧಿನಿಯಮವು ಜೂಜುಕಟ್ಟೆಗಳಿಗೆ ದಂಡನೆಯನ್ನು ವಿಧಿಸಿದೆ. ಪಣದ ಆಸೆಯೇ ಈ ಆಟಗಳ ಜೀವವೆಂದು ಹೇಳಲೂ ಬಾರದು. ಮಕ್ಕಳೂ ಮುದುಕರೂ ಕೂಡಿ ಆಡುವ 'ಕತ್ತೆ' ಎಂಬ ಆಟದಲ್ಲಿ ಕಾಸಿನ ಮಾತೇ ಇಲ್ಲ. ಸೋತವನು ಕತ್ತೆಯೆನ್ನಿಸಿಕೊಳ್ಳುವನು, ಅಷ್ಟೆ. ಅಜ್ಜನು ಆಡಿದ ೫೨ ಎಲೆಗಳನ್ನೇ ಮೊಮ್ಮಗನೂ ಆಡುವನು. ಎಲೆ ಸವೆಯುವುದುಂಟು, ಆಟ ಸವೆದುದಿಲ್ಲ.

ಇದರ ಎದುರಿಗೆ ಇತ್ತೀಚಿನ ಇನ್ನೊಂದು ಎಲೆಯಾಟವನ್ನು ನಿಲ್ಲಿಸಿ ನೋಡಬಹುದು. ಅಮೆರಿಕದ ಇಲಿನಾಯ್ ಸಂಸ್ಥಾನದ ಎಂಟು ಮಂದಿ ಗೆಳೆಯರು ಹೊಸ ವರ್ಷದ ಹಿಂದಿನ ರಾತ್ರಿಯ ಕೂಟಕ್ಕೆಂದು ತಮ್ಮೊಳಗೆ ಕಟ್ಟಿಕೊಂಡು, ೨೦೧೧ರಲ್ಲಿ ಅಚ್ಚು ಹಾಕಿಸಿ ಮಾರಾಟಕ್ಕೆ ತಂದ 'ಕಾರ್ಡ್ಸ್ ಅಗೆನ್ಸ್ಟ್ ಹ್ಯುಮ್ಯಾನಿಟಿ' ಎಂಬುದೇ ಆ ಆಟ. ಹೆಸರಿಗೆ 'ಮನುಷ್ಯತ್ವಕ್ಕೆ ಎದುರಾದ ಎಲೆಗಳು' ಎಂದು ಅರ್ಥ ಹೇಳಬಹುದು. ಕಪ್ಪು ಎಲೆಗಳ ಮೇಲೆ ಒಂದು ಪ್ರಶ್ನೆ, ಇಲ್ಲವೆ ನಡುವೆ ಬಿಟ್ಟ ಸ್ಥಳವುಳ್ಳ ಒಂದು ವಾಕ್ಯ. ಬಿಳಿಯ ಎಲೆಗಳ ಮೇಲೆ ಉತ್ತರಗಳು. ಸರದಿಯಂತೆ ಒಬ್ಬನು ಕಪ್ಪು ಎಲೆಯನ್ನು ಓದುವನು. ಉಳಿದವರು ತಮ್ಮ ಕೈಯಲ್ಲಿರುವ ಬಿಳಿಯ ಎಲೆಗಳಲ್ಲಿ ಒಂದನ್ನು ಮಗುಚಿ ಇಡುವರು. ಹೆಚ್ಚು ನಗು ಬರಿಸಿದ್ದು ಯಾವುದೆಂದು ಓದಿದವನೇ ತೀರ್ಪು ಕೊಡುವನು. ೧೯೯೯ರಲ್ಲಿ ಬಂದ 'ಆಪಲ್ಸ್ ಟು ಆಪಲ್ಸ್' ಎಂಬ ಸಭ್ಯವಾದ ಆಟದ ಕಟ್ಟೇ ಇದರ ಕಟ್ಟು. ಆದರೆ ಇಲ್ಲಿಯ ಉತ್ತರಗಳಲ್ಲಿ ಬಹುಭಾಗ ಅಶ್ಲೀಲವಾದುವು, ಕ್ರೂರವಾದುವು, ಇಲ್ಲವೆ ಅಮಂಗಳವಾದುವು. ಈ ಆಟವೂ ಇದನ್ನು ಅನುಕರಿಸಿದ ಇತರ ಆಟಗಳೂ ಭಾರತದ ನಗರಗಳ ತರುಣಕೂಟಗಳಿಗೆ ಬಂದುವು. ಕೋಲಾರಕ್ಕೆ ಸುಮಾರು ೭೦ ಕಿಲೋಮೀಟರು ದೂರದಲ್ಲಿರುವ ಬೆಂಗಳೂರು ಇದಕ್ಕೆ ಹೊರತಲ್ಲ. ಮೊದಲ ರಾತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ ಗೆಳೆಯರೇ ನಾಲ್ಕನೆಯ ರಾತ್ರಿ ಆಕಳಿಸುವರು. ಕೆಲವು ತಿಂಗಳಲ್ಲಿ ಪೆಟ್ಟಿಗೆ ಕಪಾಟಿನ ಮೇಲಣ ಹಲಗೆಯನ್ನು ಸೇರುವುದು.

ಮೊದಲ ಆವೃತ್ತಿಯಲ್ಲಿ ೪೬೦ ಬಿಳಿಯ ಎಲೆಗಳೂ ೯೦ ಕಪ್ಪು ಎಲೆಗಳೂ ಸೇರಿ ಒಟ್ಟು ೫೫೦ ಎಲೆಗಳಿದ್ದುವು. ೫೨ ಎಲೆಗಳು ತಲೆಮಾರುಗಳನ್ನು ದಣಿಸದೆ ಇರುವಾಗ, ಅದರ ಹತ್ತುಪಟ್ಟಿಗೂ ಮೇಲಾದ ೫೫೦ ಎಲೆಗಳು ಕೆಲವೇ ರಾತ್ರಿಗಳಲ್ಲಿ ಹಳಸಲು ಕಾರಣವೇನು? ಅಶ್ಲೀಲಪರಿಹಾಸಕ್ಕೆ ಹಳಸುವುದೇ ಸ್ವಭಾವವೆ? ಹಾಗೆನ್ನುವುದಾದರೆ ಕೋಲಾರ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಅಂಥ ಪರಿಹಾಸಗಳು ಬಾಳಿದುದು ಹೇಗೆ? ಇದೇ ಇಲ್ಲಿ ವಿಚಾರ್ಯವಾದ ವಿಷಯ.

೨

ಮೊದಲು ತೋರುವ ಸಮಾಧಾನ ಪುನರುಕ್ತಿಯೆಂಬುದು. ಲೆಕ್ಕವೂ ಇದಕ್ಕೆ ಅನುಕೂಲವಾಗಿದೆ. ಆರು ಮಂದಿ ಕುಳಿತರೆಂದು ಭಾವಿಸಿದರೆ, ತಲೆಗೆ ಹತ್ತರಂತೆ ೬೦ ಬಿಳಿಯ ಎಲೆಗಳು ಮೊದಲೇ ಕೈಸೇರುವುವು, ಉಳಿದುವು ೪೦೦. ತೀರ್ಪು ಕೊಡುವವನನ್ನು ಬಿಟ್ಟು ಐವರು ಸುತ್ತಿಗೆ ಒಂದೊಂದು ಎಲೆಯನ್ನು ಆಡಿ, ಅದರ ಬದಲಿಗೆ ಒಂದೊಂದನ್ನು ತೆಗೆದುಕೊಂಡರೆ ೮೦ ಸುತ್ತುಗಳಲ್ಲಿ ರಾಶಿ ಬರಿದಾಗುವುದು. ರಾತ್ರಿಗೆ ೩೦ ಸುತ್ತುಗಳೆಂದರೂ ಮೂರನೆಯ ರಾತ್ರಿ ಮುಗಿಯುವ ಮೊದಲೇ ಎಲ್ಲ ಉತ್ತರಗಳೂ ಯಾರಾದರೊಬ್ಬರ ಕೈಗೆ ಬಂದಿರುವುವು. ಮುದ್ರಕರು ಕಂಡುಕೊಂಡ ಚಿಕಿತ್ಸೆಯೂ ಈ ನಿದಾನಕ್ಕೆ ತಕ್ಕುದೇ ಆಗಿದೆ: ಒಂದರ ಮೇಲೊಂದು ಅನುಬಂಧಗಳನ್ನು ಹೊರಡಿಸಿ ಎಲೆಗಳ ಸಂಖ್ಯೆಯನ್ನು ಹೆಚ್ಚಿಸಿದರು.

ಆದರೆ ಪುನರುಕ್ತಿಯೊಂದೇ ಕಾರಣವಾದರೆ ಇಸ್ಪೀಟು ಮೊದಲ ದಿನವೇ ಹಳಸಬೇಕಾಗಿತ್ತು. ಅಲ್ಲಿ ಪ್ರತಿ ಆಟದಲ್ಲೂ ಅದೇ ೫೨ ಎಲೆಗಳು ಮರಳಿ ಬರುವುವು. ಅದಕ್ಕಿಂತ ಮುಂಚೆ ಈ ದೇಶದಲ್ಲಿ ಹರಡಿದ್ದ ಗಂಜೀಫದ ಮಾತೂ ಹೀಗೆಯೇ. ಬಾಬರನು ೧೫೨೭ರಲ್ಲಿ ಸಿಂಧದ ಷಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದುದು ಅವನ ದಿನಚರಿಯಿಂದ ತಿಳಿಯುವುದು. ಮೊಗಲರ ಗಂಜೀಫದಲ್ಲಿ ೯೬ ಎಲೆಗಳು. ದಶಾವತಾರದ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ ೧೨೦. ಕೋಲಾರವೂ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) 'ಶ್ರೀತತ್ತ್ವನಿಧಿ'ಯ ಕಡೆಯ ಭಾಗವಾದ ಕೌತುಕನಿಧಿಯಲ್ಲಿ 'ಚದ'ಗಳೆಂಬ ಎಲೆಯಾಟಗಳನ್ನು ವರ್ಣಿಸಿರುವರು. ಅವುಗಳಲ್ಲಿ ೩೬ ಎಲೆಗಳಿಂದ ೩೬೦ ಎಲೆಗಳವರೆಗಿನ ಕಟ್ಟುಗಳುಂಟು. ಎಲೆಗಳು ಮರಳಿ ಬಂದುವೆಂದು ಈ ಆಟಗಳನ್ನು ಯಾರೂ ಬೇಸರದಿಂದ ಬಿಟ್ಟುದಿಲ್ಲ. ಗಂಜೀಫ ಹಿಂದೆ ಸರಿದುದು ಕೈಯಿಂದ ಬರೆದ ಎಲೆಗಳ ಜಾಗಕ್ಕೆ ಅಚ್ಚಿನ ಅಗ್ಗದ ಎಲೆಗಳು ಬಂದಾಗ.

ಇದರಿಂದ ತಿಳಿಯಬೇಕಾದುದೇನೆಂದರೆ: ಇಸ್ಪೀಟಿನ ಎಲೆಯೂ ಗಂಜೀಫದ ಎಲೆಯೂ ಅಕ್ಷರದಂತೆ. ಆಟೀನಿನ ರಾಜನಿಗೆ ತನ್ನದೆಂದು ಹೇಳಬೇಕಾದ ಮಾತೊಂದೂ ಇಲ್ಲ. ಅದು ಯಾರ ಕೈಯಲ್ಲಿದೆ, ಯಾವಾಗ ಇಳಿಯಿತು, ಅದನ್ನು ಇಷ್ಟು ಹೊತ್ತು ಬಚ್ಚಿಟ್ಟವನ ಮುಖ ಹೇಗಿತ್ತು ಎಂಬುದರಲ್ಲಿ ಅರ್ಥ ಹುಟ್ಟುವುದು. ಐವತ್ತು ಅಕ್ಷರಗಳಿಂದ ಕವಿಗಳು ಎಷ್ಟು ಕಾವ್ಯ ಬರೆದರೂ ಅಕ್ಷರ ಹಳಸದಿರುವಂತೆ ಈ ಎಲೆಗಳೂ ಹಳಸವು. ಬಿಳಿಯ ಎಲೆಯಾದರೋ ಅಕ್ಷರವಲ್ಲ, ಮುಗಿದುಹೋದ ವಾಕ್ಯ. ಅದರ ಮಾತನ್ನು ಆಡುವವನ ಬದಲಿಗೆ ಬೇರೊಬ್ಬನು, ಬೇರೊಂದು ದೇಶದಲ್ಲಿ, ಮೊದಲೇ ಆಡಿ ಮುಗಿಸಿರುವನು. ಆಟಗಾರನಿಗೆ ಉಳಿದ ಕೆಲಸ ಆರಿಸುವುದು ಮಾತ್ರ. ಆದಕಾರಣ ಪುನರುಕ್ತಿ ಇಲ್ಲಿ ದೋಷವಾಗುವುದು, ಅಲ್ಲಿ ಆಗುವುದಿಲ್ಲ. ಇಷ್ಟಾದರೂ ಪ್ರಶ್ನೆಯ ಅರ್ಧ ಮಾತ್ರ ಪರಿಹಾರವಾಯಿತು. ಒಳ್ಳೆಯ ಗಾದೆಯೂ ಮುಗಿದ ವಾಕ್ಯವೇ. ಅದು ನೂರು ಸಲ ಕೇಳಿದರೂ ರುಚಿಗೆಡುವುದಿಲ್ಲ. ಅಶ್ಲೀಲವಾದ ಮಾತು ಮಾತ್ರ ಬೇಗ ರುಚಿಗೆಡುವುದೇಕೆ ಎಂಬುದನ್ನು ಅಲಂಕಾರಶಾಸ್ತ್ರದಿಂದ ತಿಳಿಯಬೇಕು.

೩

ಭರತಮುನಿಯು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಎರಡೆರಡನ್ನು ಕ್ರಮವಾಗಿ ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹೇಳಿರುವನು. ಹಾಸ್ಯಕ್ಕೆ ವಿಭಾವವಾವುದೆಂದರೆ ವಿಕೃತಿ. ವೇಷದಲ್ಲಿ, ನಡೆಯಲ್ಲಿ, ಮಾತಿನಲ್ಲಿ ಇರಬೇಕಾದುದು ಇರುವಂತೆ ಇಲ್ಲದಿರುವುದು. ಅಭಿನವಗುಪ್ತನು ಇದನ್ನೇ ವಿಸ್ತರಿಸಿ, ಅನೌಚಿತ್ಯದಿಂದ ಪ್ರವರ್ತಿಸಿದುದೆಲ್ಲವೂ ಹಾಸ್ಯಕ್ಕೆ ವಿಭಾವವಾಗಬಲ್ಲದೆಂದು ಸ್ಥಾಪಿಸಿದನು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಅನೌಚಿತ್ಯವೆಂಬುದು ತಾನಾಗಿ ನಿಲ್ಲುವ ವಸ್ತುವಲ್ಲ. ಔಚಿತ್ಯವೆಂಬ ಗೋಡೆಯಿದ್ದರೆ ಮಾತ್ರ ಅದನ್ನು ಹಾರಿದವನುಂಟು. ಕೇಳುವವರ ಮನಸ್ಸಿನಲ್ಲಿ 'ಇದನ್ನು ಆಡಬಾರದು' ಎಂಬ ಅಳುಕು ಎಚ್ಚರವಾಗಿರುವಾಗ ಆಡಿದ ಮಾತು ನಗುವನ್ನು ಹುಟ್ಟಿಸುವುದು. ಮೊದಲ ರಾತ್ರಿಯ ಆಟದಲ್ಲಿ ಆ ಅಳುಕು ಪೂರ್ಣವಾಗಿರುತ್ತದೆ. ಇಪ್ಪತ್ತು ಸುತ್ತುಗಳಾದ ಮೇಲೆ ಗೋಡೆಯ ಕಲ್ಲೊಂದೂ ಉಳಿದಿರುವುದಿಲ್ಲ. ಬಯಲಿನಲ್ಲಿ ಜಿಗಿದವನನ್ನು ನೋಡಿ ಯಾರು ನಗುವರು?

ವಾಮನನೂ ಅವನ ತರುವಾಯದ ಮಮ್ಮಟನೂ ಅಶ್ಲೀಲವೆಂಬ ಕಾವ್ಯದೋಷವನ್ನು ವ್ರೀಡೆಯನ್ನುಂಟುಮಾಡುವುದು, ಜುಗುಪ್ಸೆಯನ್ನುಂಟುಮಾಡುವುದು, ಅಮಂಗಳವನ್ನು ಸೂಚಿಸುವುದು ಎಂದು ಮೂರಾಗಿ ಭಾಗಿಸಿರುವರು. ಅಮೆರಿಕದ ಆಟದ ಬಿಳಿಯ ಎಲೆಗಳನ್ನು ಒಂದೊಂದಾಗಿ ಜೋಡಿಸಿದರೆ ಈ ಮೂರು ರಾಶಿಗಳಲ್ಲಿ ಬಹುಮಟ್ಟಿಗೆ ಅಡಗುವುವು. ಆದರೆ ಮಮ್ಮಟನು ದೋಷಗಳನ್ನು ಹೇಳಿದ ಮೇಲೆ ಕೆಲವೆಡೆ ಅವೇ ಗುಣವಾಗುವುದನ್ನೂ ಹೇಳಿ, ಅಶ್ಲೀಲಕ್ಕೆ ಸುರತಾರಂಭದ ಗೋಷ್ಠಿಯಲ್ಲಿ ಅಂಥ ಸ್ಥಾನವನ್ನು ಒಪ್ಪಿರುವನು. ಅಲ್ಲಿಯೂ ಬಿಚ್ಚಿ ಆಡದೆ ಶ್ಲೇಷದ ಮರೆಯಲ್ಲಿ ಸೂಚಿಸಬೇಕೆಂಬುದು ಮರ್ಯಾದೆ. ಎಂದರೆ ಶಾಸ್ತ್ರವು ಅಶ್ಲೀಲವನ್ನು ಹೊರಗಟ್ಟಲಿಲ್ಲ; ಅದಕ್ಕೆ ಸ್ಥಳವನ್ನೂ ಕಾಲವನ್ನೂ ಮರೆಯನ್ನೂ ಗೊತ್ತುಮಾಡಿತು. ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚೆ'ಯಲ್ಲಿ ಔಚಿತ್ಯವನ್ನು ರಸದ ಜೀವಿತವೆಂದು ಎತ್ತಿಹಿಡಿದುದು ಅನೌಚಿತ್ಯದ ಮೇಲೆಯೇ ನಿಂತ ಹಾಸ್ಯಕ್ಕೂ ಹೀಗೆ ಅನ್ವಯಿಸುವುದು.

ಈ ಗೊತ್ತುಪಾಡು ಅಲಂಕಾರಿಕರ ಕಲ್ಪನೆ ಮಾತ್ರವಲ್ಲ. ಅತಿ ಪ್ರಾಚೀನವಾದ ಆಚಾರಗಳಲ್ಲಿಯೂ ಅದು ಕಾಣುವುದು. ಗವಾಮಯನವೆಂಬ ವರ್ಷಾವಧಿಯ ಸತ್ರದಲ್ಲಿ ಕೊನೆಯ ದಿನದ ಹಿಂದಿನ ದಿನ ಮಹಾವ್ರತ. ಆ ದಿನ ಬ್ರಹ್ಮಚಾರಿಗೂ ಪುಂಶ್ಚಲಿಗೂ ಬೈಗುಳಿನ ಸಂವಾದವುಂಟು. ಅಶ್ವಮೇಧದಲ್ಲಿ ಋತ್ವಿಜರಿಗೂ ರಾಜಪತ್ನಿಯರಿಗೂ ಅಶ್ಲೀಲವಾದ ಉಕ್ತಿಪ್ರತ್ಯುಕ್ತಿಗಳು ವಿಹಿತವಾಗಿವೆ. ಅವು ಮುಗಿದೊಡನೆ ದಧಿಕ್ರಾವನ ಋಕ್ಕನ್ನು ಪಠಿಸಿ ಬಾಯನ್ನು ಮತ್ತೆ ಪರಿಮಳಗೊಳಿಸಿಕೊಳ್ಳಬೇಕೆಂದು ಬ್ರಾಹ್ಮಣಗ್ರಂಥಗಳು ಹೇಳುವುವು. ಭವಿಷ್ಯೋತ್ತರಪುರಾಣದ ಹೋಳಿಯ ಕಥೆಯಲ್ಲಿ ಢುಂಢೆಯೆಂಬ ರಾಕ್ಷಸಿಯನ್ನು ಓಡಿಸಲು ಫಾಲ್ಗುನದ ಹುಣ್ಣಿಮೆಯಂದು ಮಕ್ಕಳು ಬೆಂಕಿಯ ಸುತ್ತ ನಿಶ್ಶಂಕೆಯಿಂದ ಬಾಯಿಗೆ ಬಂದುದನ್ನು ಆಡಬೇಕೆಂದು ವಸಿಷ್ಠರು ರಘುರಾಜನಿಗೆ ಉಪದೇಶಿಸುವರು. ಈ ಮೂರರಲ್ಲಿಯೂ ಒಂದೇ ಕಟ್ಟಳೆ. ಅಶ್ಲೀಲಕ್ಕೆ ಬಾಗಿಲುಂಟು, ಒಳಹೋಗುವ ಬಾಗಿಲೂ ಹೊರಬರುವ ಬಾಗಿಲೂ ಉಂಟು. ವರ್ಷಕ್ಕೊಮ್ಮೆ ತೆರೆದು ಮುಚ್ಚುವುದರಿಂದ ಗೋಡೆ ನಿಂತಿರುವುದು. ಗೋಡೆ ನಿಂತಿರುವುದರಿಂದ ಮರುವರ್ಷವೂ ನಗು ಬರುವುದು.

೪

ಕೋಲಾರ ಸೀಮೆಯ ವಿನೋದಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ಬಾಳಿಕೆಯ ಗುಟ್ಟು ತಿಳಿಯುವುದು. ಮೊದಲನೆಯದು ಮದುವೆಯ ಮನೆಯದು. ಶ್ರೀಪಾದರಾಜರ ಮಠವಿರುವ ಮುಳಬಾಗಿಲಿನಂಥ ಮಾಧ್ವಕೇಂದ್ರಗಳ ಮನೆತನಗಳಲ್ಲಿ ಉರುಟಣೆಯ ಹಾಡುಗಳು ಬಹುಕಾಲ ನಡೆದುಬಂದುವು. ನಾಚಿಕೆಯಿಂದ ತಲೆ ಎತ್ತದ ಮದುವಣಗಿತ್ತಿಯು ಅರಿಸಿನ ಹಚ್ಚುವ ನೆಪದಲ್ಲಿ ಗಂಡನನ್ನೂ ಅವನ ಕಡೆಯವರನ್ನೂ ಹಾಡಿನಲ್ಲಿ ಹಳಿಯುವಳು. ಇತರ ಜಾತಿಗಳ ಮದುವೆಗಳಲ್ಲಿ ಬೀಗಿತ್ತಿಯರು ಒಬ್ಬರನ್ನೊಬ್ಬರು ಹಳಿಯುವ ಬೀಗರ ಹಾಡುಗಳಿಗೆ ಇದಕ್ಕಿಂತ ಹೆಚ್ಚಿನ ಕಾರವುಂಟು. ಇಲ್ಲಿ ಬೈಯುವವಳು ಯಾರು, ಬೈಸಿಕೊಳ್ಳುವವಳು ಯಾರು ಎಂಬುದು ಎಲ್ಲರಿಗೂ ಗೊತ್ತು. ಬೈದವಳೇ ಮರುಗಳಿಗೆಯಲ್ಲಿ ಎಲೆಯ ಮುಂದೆ ಕೂರಿಸಿ ತುಪ್ಪ ಬಡಿಸುವಳು. ಮಾರನೆಯ ದಿನ ಆ ಮಾತನ್ನು ಬೀದಿಯಲ್ಲಿ ಆಡಿದರೆ ಜಗಳವಾಗುವುದು. ಹೀಗೆ ಕಾಲದ ಎಲ್ಲೆಯೂ ಬಾಂಧವ್ಯದ ಭರವಸೆಯೂ ಒಟ್ಟಿಗೆ ಇರುವುದರಿಂದ ಬೈಗುಳವು ಹೊಸ ನೆಂಟಸ್ತಿಕೆಯ ಬಿಗುಪನ್ನು ಸಡಿಲಿಸುವ ಉಪಾಯವಾಯಿತು.

ಎರಡನೆಯದು ಭಾಷೆಯ ವಿನೋದ. ಈ ತಾಲ್ಲೂಕುಗಳಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ನಡೆಯುವ ಭಾಷೆಗಳು. ತೆಲುಗಿನಲ್ಲಿ 'ಪಾಲು' ಎಂದರೆ ಹಾಲೂ ಹೌದು. ಕನ್ನಡದ ಕಿವಿಗೆ ಅದು ಭಾಗ ಮಾತ್ರ. ಊಟಕ್ಕೆ ಕುಳಿತ ಅಳಿಯನು ತೆಲುಗಿನಲ್ಲಿ ಹಾಲನ್ನು ಕೇಳಿದರೆ ಕನ್ನಡದ ಮಾವನು ಆಸ್ತಿಯ ಮಾತೆಂದು ಬೆದರುವುದಕ್ಕೆ ಅವಕಾಶವುಂಟು. ಇದು ಸಭ್ಯವಾದ ಉದಾಹರಣೆ. ಇದೇ ದಾರಿಯಲ್ಲಿ ಒಂದು ಭಾಷೆಯ ನಿರ್ದೋಷವಾದ ಮಾತು ಇನ್ನೊಂದರಲ್ಲಿ ಮುಖ ಕೆಂಪಾಗಿಸುವುದೂ ಉಂಟು. ಮಮ್ಮಟನು ಹೇಳಿದ ಶ್ಲೇಷದ ಮರೆಯು ಇಲ್ಲಿ ಎರಡು ಭಾಷೆಗಳ ನಡುವಣ ತೆರೆಯಾಗಿರುವುದು. ಕೇಳಿದವನು ತನ್ನ ಮನಸ್ಸಿನಲ್ಲಿಯೇ ಅರ್ಥವನ್ನು ಪೂರ್ತಿಮಾಡಿಕೊಳ್ಳಬೇಕಾದುದರಿಂದ ಅರ್ಧ ತಪ್ಪು ಅವನದೂ ಆಗುವುದು, ನಗು ಇಬ್ಬರದಾಗುವುದು.

ಮೂರನೆಯದು ರಂಗದ ವಿನೋದ. ಮೂಡಲಪಾಯದ ಬಯಲಾಟಕ್ಕೆ ಈ ಸೀಮೆಯಲ್ಲಿ 'ಕೇಳಿಕೆ' ಎಂಬ ಹೆಸರುಂಟು. ಅದರ ಕೋಡಂಗಿಯು ಪ್ರಸಿದ್ಧನಾದವನು. ಕರ್ಣಾಟಕಕ್ಕೂ ಆಂಧ್ರಕ್ಕೂ ಸಮಾನವಾದ ತೊಗಲುಗೊಂಬೆಯಾಟದಲ್ಲಿ ಇವನ ಸ್ಥಾನದಲ್ಲಿರುವವರು ಕಿಳ್ಳೇಕ್ಯಾತನೂ ಬಂಗಾರಕ್ಕನೂ. ಆಡಿಸುವ ಜನಾಂಗಕ್ಕೂ ಕಿಳ್ಳೇಕ್ಯಾತರೆಂಬ ಹೆಸರಿರುವುದರಿಂದ ಈ ಗೊಂಬೆಯ ಪ್ರಾಮುಖ್ಯವನ್ನು ಊಹಿಸಬಹುದು. ರಾಮಾಯಣದ ಯುದ್ಧಕಾಂಡ ನಡೆಯುತ್ತಿರುವಾಗ, ರಾತ್ರಿ ಬಲಿತು ಜನ ತೂಕಡಿಸುವ ಹೊತ್ತಿಗೆ, ಕಿಳ್ಳೇಕ್ಯಾತನು ಪರದೆಯ ಮೇಲೆ ಬಂದು ಕುಣಿದು, ಹೆಂಡತಿಯೊಡನೆ ಜಗಳವಾಡಿ, ಆಡಬಾರದ ಮಾತುಗಳನ್ನಾಡಿ ಹೋಗುವನು. ಅವನು ಆಡುವ ಮಾತಿನಲ್ಲಿ ಆ ದಿನದ ಆ ಊರಿನ ಸುದ್ದಿಯೂ ಸೇರುವುದು. ಜನ ಎಚ್ಚತ್ತು ನಕ್ಕ ಮೇಲೆ ರಾಮನು ಮತ್ತೆ ಬರುವನು. ಇವನ ಅಶ್ಲೀಲಕ್ಕೆ ಬಲ ಬಂದುದು ಅದರ ಎರಡು ಪಕ್ಕಗಳಲ್ಲಿ ನಿಂತ ರಾಮಕಥೆಯ ಗಾಂಭೀರ್ಯದಿಂದ. ಇಡೀ ರಾತ್ರಿ ಕಿಳ್ಳೇಕ್ಯಾತನೊಬ್ಬನೇ ಆಡುವ ಆಟವನ್ನು ಯಾವ ಊರೂ ಆಡಿಸಲಿಲ್ಲ. ಅಮೆರಿಕದ ಆ ಆಟವು ರಾಮನಿಲ್ಲದ ಗೊಂಬೆಯಾಟ. ಅಲ್ಲಿ ಪ್ರತಿ ಸುತ್ತಿನಲ್ಲಿಯೂ ಕಿಳ್ಳೇಕ್ಯಾತನೇ ಬರುವನು, ಆ ಊರಿನ ಸುದ್ದಿಯನ್ನರಿಯದ ಕಿಳ್ಳೇಕ್ಯಾತನು.

೫

ಬಿಟ್ಟ ಸ್ಥಳವನ್ನು ತುಂಬುವ ಆಟವೇ ಬೇಕೆಂದರೆ ಅದೂ ಈ ದೇಶಕ್ಕೆ ಹೊಸದಲ್ಲ. ವಾತ್ಸ್ಯಾಯನನು ಅರುವತ್ತನಾಲ್ಕು ವಿದ್ಯೆಗಳಲ್ಲಿ ಪ್ರಹೇಳಿಕೆಯನ್ನೂ ಕಾವ್ಯಸಮಸ್ಯಾಪೂರಣವನ್ನೂ ಎಣಿಸಿರುವನು. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಐದು ವಿಂಶತಿಗಳಲ್ಲಿ ಕೊನೆಯ ಎರಡು ವಿನೋದಕ್ಕೂ ಕ್ರೀಡೆಗೂ ಮೀಸಲಾಗಿರುವುವು. ಈ ಪರಂಪರೆಯ ಜೀವಂತವಾದ ಕೊಂಬೆ ಅವಧಾನ. ಕನ್ನಡದಲ್ಲಿ ಅದನ್ನು ಪುನಃ ಬೆಳೆಸಿದ ಶತಾವಧಾನಿ ಆರ್. ಗಣೇಶರು ೧೯೬೨ರಲ್ಲಿ ಕೋಲಾರದಲ್ಲಿಯೇ ಜನಿಸಿದವರು. ೨೦೧೨ರಲ್ಲಿ ಬೆಂಗಳೂರಿನಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು.

ಅವಧಾನದ ಸಮಸ್ಯೆಯನ್ನು ಆ ಎಲೆಯಾಟದೊಡನೆ ಹೋಲಿಸಿದರೆ ಎರಡರ ಕಟ್ಟು ಒಂದೇ, ಹರಿವು ಮಾತ್ರ ವಿರುದ್ಧವೆಂದು ಕಾಣುವುದು. ಅಲ್ಲಿ ಪ್ರಶ್ನೆಯ ವಾಕ್ಯ ಬಹುಮಟ್ಟಿಗೆ ಸಾಧುವಾದುದು. ಉತ್ತರವು ಅದನ್ನು ಕೆಡಿಸುವುದು. ಇಲ್ಲಿ ಪೃಚ್ಛಕನು ಕೊಡುವ ಸಾಲೇ ಅಸಂಗತ, ಅಮಂಗಳ, ಕೆಲವೊಮ್ಮೆ ಅಶ್ಲೀಲ. ಅವಧಾನಿಯು ಉಳಿದ ಪಾದಗಳನ್ನು ಕಟ್ಟಿ ಅದನ್ನು ಸಾಧುವಾಗಿಸಬೇಕು. ಶಿವನ ಕಣ್ಣಿನ ಮೇಲೆ ಕಾಲಿಟ್ಟವನೇ ಧನ್ಯನೆಂಬ ಅರ್ಥದ ಸಾಲನ್ನು ಕೊಟ್ಟರೆಂದು ಭಾವಿಸಬಹುದು. ಸಭೆಯು ಬೆಚ್ಚುವುದು. ಅವಧಾನಿಯು ಹಿಂದಿನ ಪಾದಗಳ ತುದಿಯಲ್ಲಿ ಕಣ್ಣಪ್ಪನನ್ನು ತಂದು ನಿಲ್ಲಿಸಿದೊಡನೆ, ತನ್ನ ಎರಡನೆಯ ಕಣ್ಣನ್ನೂ ಕೀಳಲು ಹೊರಟು, ಇಡಬೇಕಾದ ಜಾಗದ ಗುರುತಿಗೆ ಕಾಲನ್ನೂರಿದ ಬೇಡನ ಭಕ್ತಿ ನೆನಪಾಗಿ ಬೆಚ್ಚಿದ ಸಭೆಯೇ ಕೈಮುಗಿಯುವುದು. ಗೋಡೆಯನ್ನು ಹಾರಿದಂತೆ ತೋರಿದವನು ಗೋಡೆಯ ಒಳಗೇ ಇದ್ದನೆಂದು ತಿಳಿದಾಗ ಆಗುವ ಚಮತ್ಕಾರ ಇಮ್ಮಡಿಯಾದುದು. ಗೋಡೆಯಾದರೋ ಮೊದಲಿಗಿಂತ ಗಟ್ಟಿಯಾಗುವುದು. ಮುಂದಿನ ಸಮಸ್ಯೆಗೆ ಎಡೆ ಉಳಿಯುವುದು.

ಅವಧಾನದಲ್ಲಿ ಅಪ್ರಸ್ತುತಪ್ರಸಂಗಿಯೆಂಬ ಇನ್ನೊಬ್ಬನುಂಟು. ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದಕ್ಕಾಗಿ ಸಲ್ಲದ ಪ್ರಶ್ನೆಗಳನ್ನು ಕೇಳುವುದೇ ಅವನ ಕೆಲಸ. ಎಂಟು ಮಂದಿ ಪೃಚ್ಛಕರಲ್ಲಿ ಅವನೊಬ್ಬನು ಮಾತ್ರ. ಉಳಿದ ಏಳು ಮಂದಿ ಛಂದಸ್ಸನ್ನೂ ನಿಷೇಧಾಕ್ಷರವನ್ನೂ ಹಿಡಿದು ಕುಳಿತಿರುವರು. ಎಂಟು ಮಂದಿಯೂ ಅಪ್ರಸ್ತುತಪ್ರಸಂಗಿಗಳಾದರೆ ಅವಧಾನವಿರಲಿ, ಅಪ್ರಸ್ತುತವೆಂಬುದೂ ಉಳಿಯದು. ಪ್ರಸ್ತುತವಿಲ್ಲದೆ ಅಪ್ರಸ್ತುತವೆಲ್ಲಿಯದು?

೬

ಇಷ್ಟರಿಂದ ಹಳೆಯದೆಲ್ಲ ನಿರ್ದೋಷ, ಹೊಸದೆಲ್ಲ ದುಷ್ಟವೆಂದು ತೀರ್ಮಾನಿಸುವುದು ನ್ಯಾಯವಲ್ಲ. ನಗರಕನು ವರ್ಜಿಸಬೇಕಾದ ಗೋಷ್ಠಿಗಳನ್ನು ಹೇಳುವಾಗ ವಾತ್ಸ್ಯಾಯನನು ಲೋಕವು ದ್ವೇಷಿಸುವುದನ್ನೂ ಅಂಕೆಯಿಲ್ಲದೆ ಹರಿಯುವುದನ್ನೂ ಹೇಳಿ, ಮೂರನೆಯದಾಗಿ ಪರಹಿಂಸೆಯೇ ಸ್ವರೂಪವಾದುದನ್ನು ಹೇಳಿರುವನು. ಈ ಮೂರನೆಯ ಒರೆಗೆ ಹಚ್ಚಿದರೆ ಈ ಸೀಮೆಯ ಹಳೆಯ ಜಗಲಿಗಳ ಪರಿಹಾಸದಲ್ಲಿ ಬಹುಭಾಗ ನಿಲ್ಲದು. ಕೋಡಂಗಿಯ ಮಾತೂ ಗಾದೆಯೂ ಕೆಳಗಿನವೆಂದು ಎಣಿಸಿದ ಜಾತಿಗಳ ಮೇಲೆಯೂ ವಿಧವೆಯರ ಮೇಲೆಯೂ ಅಂಗಹೀನರ ಮೇಲೆಯೂ ಹಗುರವಾಗಿ ಹರಿಯುತ್ತಿದ್ದುವು. ಅದನ್ನು ಕೇಳಿ ನಗುತ್ತಿದ್ದವರು ಜಗಲಿಯ ಮೇಲೆ ಕುಳಿತವರು. ಯಾರ ಮೇಲೆ ಮಾತು ಬಂದಿತೋ ಅವರಿಗೆ ಆ ಜಗಲಿಯನ್ನು ಹತ್ತುವ ಹಕ್ಕೇ ಇರಲಿಲ್ಲ. ಬೀಗರ ಹಾಡಿನಲ್ಲಿ ಬೈಸಿಕೊಂಡವಳು ತಿರುಗಿ ಹಾಡಬಲ್ಲಳು. ಇವರಿಗೆ ತಿರುಗಿ ಹಾಡುವ ಸರದಿ ಬರಲಿಲ್ಲ. ನಗು ಹಳಸದೆ ಉಳಿದುದಕ್ಕೆ ಇದೂ ಒಂದು ಕಾರಣವಾಗಿತ್ತೆಂಬುದನ್ನು ಇತಿಹಾಸವು ಮರೆಮಾಡಬಾರದು.

ಈಗಿನ ಗೆಳೆಯರ ಕೂಟ ಹಾಗಲ್ಲ. ೨೦೧೧ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಶೇಕಡ ಸುಮಾರು ೩೦ ಮಂದಿ ಪರಿಶಿಷ್ಟ ಜಾತಿಗಳವರು. ಶಾಲೆಯ ಹಲಗೆಯೂ ಕಾಲೇಜಿನ ಮೆಟ್ಟಿಲೂ ರೈಲಿನ ಡಬ್ಬಿಯೂ ಹಿಂದೆ ಒಂದೆಡೆ ಕೂರದವರನ್ನು ಒಂದೆಡೆ ಕೂರಿಸಿವೆ. ಅಂಥ ಆರು ಮಂದಿ ಸುತ್ತಲೂ ಕುಳಿತಾಗ ಒಂದು ಎಲೆಯ ಮಾತು ಅವರಲ್ಲೊಬ್ಬನ ಮನೆಯ ನೋವನ್ನು ತಟ್ಟಬಹುದು. ಆ ಸುತ್ತಿನಲ್ಲಿ ಐವರು ನಗುವರು. ಒಬ್ಬನು ನಕ್ಕಂತೆ ತೋರಿಸುವನು. ಮುಂದಿನ ಸಲ ಅವನಿಗೆ ಬೇರೆ ಕೆಲಸವಿರುವುದು. ಆಟ ನಿಂತುಹೋದ ಮನೆಗಳಲ್ಲಿ ಕೆಲವು ಹೀಗೆ, ಯಾರೂ ಬಾಯಿಬಿಟ್ಟು ಹೇಳದ ಕಾರಣದಿಂದ ನಿಲ್ಲಿಸಿದುವು. ಅಮೆರಿಕದ ಕರ್ತೃಗಳೂ ಇದನ್ನು ಕಾಣದೆ ಹೋಗಲಿಲ್ಲ. ಹಿಂಸೆಯಾಗುವುದೆಂದು ಮನಗಂಡ ಕೆಲವು ಎಲೆಗಳನ್ನು ಮುಂದಿನ ಮುದ್ರಣಗಳಲ್ಲಿ ತಾವೇ ತೆಗೆದುಹಾಕಿದರು.

೭

ಇನ್ನು ಗೆಳೆತನದ ಮಾತು. ಆಟದ ಮೊದಲ ಆಕರ್ಷಣೆ ಅದು ಕೊಡುವ ಮರೆಯಲ್ಲಿದೆ: ಮಾತು ಎಲೆಯದು, ಆಡಿದವನದಲ್ಲ. ಸಂಕೋಚದವನಿಗೂ ಅದರಿಂದ ಬಾಯಿ ಬರುವುದು. ಹೊಸಬರು ಕೂಡಿದ ಕೂಟದಲ್ಲಿ ಇದು ಉಪಕಾರವೇ. ಗೆಳೆಯರಲ್ಲಾದರೋ ಅದೇ ಮರೆ ಅಡ್ಡಿಯಾಗುವುದು. ಗೆಳೆಯನ ಬಳಿಗೆ ಹೋಗುವವನು ಗೆಳೆಯನ ಮಾತಿಗಾಗಿ ಹೋಗುವನು, ಅಚ್ಚಿನ ಮಾತಿಗಾಗಿ ಅಲ್ಲ. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳನ್ನು ಓದಿದವರಿಗೆ ಇದು ತಿಳಿದಿದೆ. ಅಲ್ಲಿ ಚಾಟುವಾದ ಮಾತೊಂದು ನೆನಪಿನಲ್ಲಿ ನಿಂತಿರುವುದು ಆಡಿದವರ ಹೆಸರಿನೊಡನೆ, ಅವರ ಮುಖಭಾವದೊಡನೆ, ಆಡಿದ ಸಂದರ್ಭದೊಡನೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ (೧೮೯೧–೧೯೮೬) ಸಣ್ಣಕಥೆಗಳಲ್ಲಿ ಹಲವು, ಪರಿಚಿತರೊಬ್ಬರು ಇನ್ನೊಬ್ಬರಿಗೆ ಹೇಳಿದ ಕಥೆಯೆಂಬ ಚೌಕಟ್ಟಿನಲ್ಲಿಯೇ ಇರುವುದೂ ಈ ಬಗೆಯ ಗೋಷ್ಠಿಯ ಸಂಸ್ಕಾರದಿಂದ. ಇಂಥವರು ಹೀಗೆಂದರು ಎಂದು ಹೇಳಿ ನಗಬಹುದು; ಇಂಥ ಎಲೆ ಬಂದಿತ್ತು ಎಂದು ಹೇಳಿ ಮರುದಿನ ಯಾರನ್ನೂ ನಗಿಸಲಾಗದು.

ಆ ಎಂಟು ಮಂದಿ ಅಮೆರಿಕದ ಗೆಳೆಯರಿಗೆ ಆಟವು ಮೊದಲ ರಾತ್ರಿ ಏನಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಎಲೆಯ ಮೇಲಿನ ಮಾತುಗಳು ಆಗ ಅವರವೇ. ಬರೆದವನು ಎದುರಿಗೆ ಕುಳಿತಿದ್ದನು. ಯಾವ ಮಾತು ಯಾರಿಗೆ ತಟ್ಟುವುದೆಂದು ಎಲ್ಲರಿಗೂ ತಿಳಿದಿತ್ತು. ಅದು ಗೋಷ್ಠಿಯಾಗಿತ್ತು. ಪೆಟ್ಟಿಗೆಯಲ್ಲಿ ಮಾರಾಟವಾದುದು ಆ ಗೋಷ್ಠಿಯ ಉಚ್ಛಿಷ್ಟ. ಒಂದು ಮನೆಯ ಬೀಗರ ಹಾಡನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದರೆ ಬೈಗುಳ ಉಳಿಯುವುದು, ಬೀಗರು ಉಳಿಯರು.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಅಶ್ಲೀಲಪರಿಹಾಸಕ್ಕೆ ಹಳಸುವುದು ಸ್ವಭಾವವಲ್ಲ. ಔಚಿತ್ಯವು ಎಚ್ಚರವಾಗಿರುವವರೆಗೆ, ಕಾಲಕ್ಕೆ ಎಲ್ಲೆಯಿರುವವರೆಗೆ, ಬೈಸಿಕೊಂಡವನಿಗೆ ತಿರುಗಿ ಆಡುವ ಸರದಿಯಿರುವವರೆಗೆ, ಆಡಿದ ಮಾತು ಆಡಿದವನದೇ ಆಗಿರುವವರೆಗೆ ಅದು ಬಾಳುವುದು. ಈ ನಾಲ್ಕರಲ್ಲಿ ಒಂದು ತಪ್ಪಿದರೆ ನಗು ಕುಂದುವುದು. ನಾಲ್ಕೂ ತಪ್ಪಿದರೆ ಎಲೆಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಫಲವಿಲ್ಲ. ಆ ಆಟದ ಕೆಲವು ಅನುಬಂಧಗಳೊಡನೆ ಏನನ್ನೂ ಅಚ್ಚು ಮಾಡದ ಖಾಲಿ ಎಲೆಗಳು ಕೆಲವು ಬರುವುದುಂಟು. ಆಡುವವರು ತಮ್ಮ ಮಾತನ್ನು ಅವುಗಳ ಮೇಲೆ ತಾವೇ ಬರೆದುಕೊಳ್ಳಬೇಕು. ಆಟವನ್ನು ಮೂಲೆಗೆಸೆದ ಗೆಳೆಯರು ಆ ಕೆಲವು ಎಲೆಗಳನ್ನು ಮಾತ್ರ ತೆಗೆದಿಟ್ಟುಕೊಂಡರೆ ಸಾಕು. ಯುಗಾದಿಯ ಚಾಪೆಯ ಮೇಲೆ ಆಡಿದರೂ ಅವು ಹಳಸವು.